ತೊರೆ ಹಿಡಿದು ಹೋದೆ, ಸ್ಟರ್ಲಿಂಗ್ ಸಿಕ್ಕಿತು

ಎರಡನೇ ಮಹಾಯುದ್ಧದಲ್ಲಿ ಗುಡ್ಡಕ್ಕೆ ಬಿದ್ದ ವಿಮಾನದ ಚೂರುಗಳನ್ನು ಜಿಪಿಎಸ್ ಬಿಟ್ಟು ನೀರಿನ ಜಾಡು ಹಿಡಿದು ಹುಡುಕುತ್ತೇನೆ ಅಂದಾಗ ಶೆಫೀಲ್ಡಿನ ನಮ್ಮ ಚಾರಣದ ಗೆಳೆಯರೆಲ್ಲ ನಕ್ಕಿದ್ದರು. ಈಗ ಫೋಟೋ ತೋರಿಸಿದ್ದೇನೆ, ಎಲ್ಲರ ಬಾಯಿ ಮುಚ್ಚಿದೆ.

ವಿಮಾನ ಸ್ಟರ್ಲಿಂಗ್ ಎಲ್‌ಜೆ628, ಬ್ರಿಟಿಷ್ ವಾಯುಪಡೆಯ ದೊಡ್ಡ ಬಾಂಬರ್. ನಾಟಿಂಗ್‌ಹ್ಯಾಮ್‌ಶೈರಿನ ವಿಗ್ಸ್ಲಿಯಲ್ಲಿದ್ದ 1654 ಹೆವಿ ಕನ್ವರ್ಷನ್ ಯೂನಿಟ್ಟಿನದು, ಅಂದರೆ ದೊಡ್ಡ ಬಾಂಬರ್ ಹಾರಿಸಲು ಕಲಿಸುತ್ತಿದ್ದ ಘಟಕದ್ದು. 1944ರ ಜುಲೈ 21ರಂದು ರಾತ್ರಿ ತರಬೇತಿಯಲ್ಲಿ ಪೀಕ್ ಡಿಸ್ಟ್ರಿಕ್ಟಿನ ಅಪ್ಪರ್ ಕಾಮನ್ಸ್ ಗುಡ್ಡಕ್ಕೆ ಬಡಿಯಿತು. ಒಳಗಿದ್ದವರೆಲ್ಲ ಬದುಕಿಕೊಂಡರು. ಅದೃಷ್ಟ ಅಂದರೆ ಅದು. ಆ ಕಡೆಯ ಜೇಮ್ಸಸ್ ಥಾರ್ನ್‌ನಲ್ಲಿ 1945ರ ಮೇ 18ರಂದು ಬಿದ್ದ ಕೆನಡಾದವರ ಲ್ಯಾಂಕಾಸ್ಟರ್ ಬಾಂಬರ್ ಕೆಬಿ993ರಲ್ಲಿ ಆರಕ್ಕೆ ಆರೂ ಜನ ಸತ್ತರು. ಯುರೋಪಿನಲ್ಲಿ ಯುದ್ಧ ಮುಗಿದು ಆಗಿನ್ನೂ ಹತ್ತೇ ದಿನ.

ಲ್ಯಾಂಕಾಸ್ಟರ್ ನೋಡಲು ಯಾರು ಬೇಕಾದರೂ ಹೋಗಬಹುದು, ಸ್ಮಾರಕವಿದೆ. ಸ್ಟರ್ಲಿಂಗ್ ಬಿದ್ದ ಕಡೆ ದಾರಿಯೇ ಇಲ್ಲ. ಉಳಿದಿರುವುದು ಚೂರುಪಾರು. ಜಾಗ ಗುರುತಿಸಲು ಕೈಯಿಂದ ಕೈಗೆ ಬಂದ ನಕ್ಷೆಯ ಗ್ರಿಡ್ ನಂಬರುಗಳು ಎರಡು ಥರ ಇದ್ದವು. ಎರಡೂ ಕಡೆ ಹೋದರೆ ಸಿಕ್ಕಿದ್ದು ಮೊಣಕಾಲುದ್ದ ಹುಲ್ಲು, ಹಳೇ ಬೇಲಿ ತಂತಿ.

ದುಡ್ಡು ಹೋಗಿದ್ದು ಇಲ್ಲೇ. ಸೆಕೆಂಡ್ ಹ್ಯಾಂಡ್ ಡ್ರೋನಿಗೆ 400 ಪೌಂಡ್ ಹತ್ತಿರ ಸುರಿದೆ. ಅಲ್ಲಿ ಹಾರಿಸಲು ಅನುಮತಿ ಸಿಗಲಿಲ್ಲ, ಅರ್ಧ ಬೆಲೆಗೆ ಮಾರಿದೆ. ಆಕಾಶದಿಂದ ಲೇಸರ್ ಬಿಟ್ಟು ನೆಲದ ಉಬ್ಬುತಗ್ಗು ಅಳೆದ ಲೈಡಾರ್ ನಕ್ಷೆ ಪುಕ್ಕಟೆ ಸಿಗುತ್ತದೆ ನಿಜ. ಆದರೆ ಆ ಬಯಲಿನಲ್ಲಿ ಪ್ರತಿ ಕೊರಕಲೂ ವಿಮಾನ ಉಜ್ಜಿದ ಗಾಯದಂತೆಯೇ ಕಾಣುತ್ತದೆ. ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ದಾಖಲೆ ಮನೆಗೆ ರೈಲಿನಲ್ಲಿ ಹೋಗಿ ಬರಲು 90 ಪೌಂಡ್ ಆಯಿತೇನೋ. ಅಲ್ಲಿನ ಎಐಆರ್ 29 ಎಂಬ ವಾಯುಪಡೆ ಕಡತಗಳು ಘಟಕದ ದಿನಚರಿ ಹೇಳುತ್ತವೆ, ಯಾವ ಹಳ್ಳದ ಪಕ್ಕ ಅಂತ ಹೇಳುವುದಿಲ್ಲ. ಅದೂ ಅಲ್ಲದೆ ಅಲ್ಲಿ ಅರ್ಧ ದಿನ ಕೋಲಾರದ ಹಿಂದೆ ಬಿದ್ದೆ. ಊರಿನ ಸೆಳೆತ, ಏನು ಮಾಡೋದು! ಲಿಬರೇಟರ್ ಬಾಂಬರ್ ಹಾರಿಸಲು ಕಲಿಸುತ್ತಿದ್ದ, ಇಂಥದ್ದೇ 1673 ಯೂನಿಟ್ ಇದ್ದದ್ದು ನಮ್ಮ ಕೋಲಾರದಲ್ಲೇ ಅಲ್ವಾ. 1944ರ ನವೆಂಬರಿನಲ್ಲಿ ಬ್ರಿಟಿಷ್ ವಾಯುಪಡೆಯ 358 ಸ್ಕ್ವಾಡ್ರನ್ ಹುಟ್ಟಿದ್ದೂ ಅಲ್ಲೇ.

ಉಪಾಯ ಹೊಳೆದದ್ದೂ ಊರಿನ ನೆನಪಿನಿಂದಲೇ. ಹಳ್ಳದ ಮರಳು ಜಾಲಿಸಿ ಚಿನ್ನ ಹುಡುಕುವವರು ಕೆಳಗಿನಿಂದ ಮೇಲಕ್ಕೆ ಹೋಗುತ್ತಾರೆ. ಕಣ ಕಾಣುವುದು ಎಲ್ಲಿ ನಿಂತಿತೋ, ಮೂಲ ಅಲ್ಲೇ ಅಕ್ಕಪಕ್ಕ. ಅಲ್ಯುಮಿನಿಯಂ ಹಗುರ. ಎಪ್ಪತ್ತೆಂಬತ್ತು ವರ್ಷದ ಮಳೆ ಅದನ್ನು ಕೊಚ್ಚಿ ತರದೇ ಇರುತ್ತದಾ?

ಫೆಬ್ರವರಿ ಕೊನೆಯಲ್ಲಿ ಹೋಗಬೇಕು. ಹುಲ್ಲು ಮಲಗಿರುತ್ತದೆ, ಹಕ್ಕಿಗಳು ಇನ್ನೂ ಗೂಡು ಕಟ್ಟಿರುವುದಿಲ್ಲ. ಜೋರು ಮಳೆ ನಿಂತು ಎರಡು ಮೂರು ದಿನ ಬಿಡಿ, ನೀರು ತಿಳಿಯಾಗಲಿ. ತೊರೆ ತಿರುಗುವ ಕಡೆ ಒಳಮಗ್ಗುಲು, ಕಲ್ಲಿನ ಹಿಂಬದಿ, ಇವೆರಡೇ ನೋಡಿದರೆ ಸಾಕು. ಮೊದಲು ಸಿಕ್ಕಿದ್ದು ಹೆಬ್ಬೆರಳಿನ ಉಗುರಿನಷ್ಟು ತಗಡು. ಅಂಚಿನಲ್ಲಿ ಸಾಲಾಗಿ ಮೂರು ರಿವೆಟ್ ತೂತು, ಅಲ್ಯುಮಿನಿಯಂ ಸವೆದಾಗ ಬರುವ ಬಿಳಿ ಪುಡಿ. ಮಗುಚಿದರೆ ಮಾಸಿದ ಕಪ್ಪು ಬಣ್ಣ. ರಾತ್ರಿ ಬಾಂಬರ್ ಹೊಟ್ಟೆಯ ಬಣ್ಣ! ತೊರೆ ಕವಲೊಡೆದಲ್ಲೆಲ್ಲ ಚೂರು ಇರುವ ಕವಲು ಹಿಡಿದೆ. ಒಂದು ಕಡೆ ಚೂರು ನಿಂತೇಬಿಟ್ಟವು. ದಡ ಹತ್ತಿದರೆ ಹತ್ತು ಹನ್ನೆರಡು ಮೀಟರ್ ಬೋಳು ನೆಲ. ಅಲ್ಲಿದ್ದ ಒಂದು ತುಂಡಿನ ಮೇಲೆ ಎಸ್29 ಅಂತ ಮುದ್ರೆ. ಅದನ್ನು ತಯಾರಿಸಿದ ಶಾರ್ಟ್ ಕಂಪನಿಯ ಲೆಕ್ಕದಲ್ಲಿ ಸ್ಟರ್ಲಿಂಗ್ ಅಂದರೆ ಎಸ್.29. ಇನ್ನೇನು ಸಾಕ್ಷಿ ಬೇಕು?

ಫೋಟೋ ತೆಗೆದು ಇದ್ದಲ್ಲೇ ಇಟ್ಟೆ. ಸೇನಾ ವಿಮಾನಗಳ ಅವಶೇಷ ಕಾಪಾಡುವ 1986ರ ಬ್ರಿಟಿಷ್ ಕಾಯ್ದೆ ಇದೆ, ಲೈಸೆನ್ಸ್ ಇಲ್ಲದೆ ಎತ್ತುವಂತಿಲ್ಲ.

ಯಾವ ಕವಲು ಅಂತ ಕೇಳಬೇಡಿ, ಹೇಳುವುದಿಲ್ಲ. ಸಂಜೆ ಟಾರ್ಚ್ ಹಿಡಿಯುವ ಒಂದು ರೀತಿಯೂ ಇದೆ. ಅದೂ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಒಟ್ಟು ಖರ್ಚು 700 ಪೌಂಡ್ ದಾಟಿರಬೇಕು. ಅದರಲ್ಲಿ ಕೆಲಸಕ್ಕೆ ಬಂದದ್ದು ಬಸ್ ಚಾರ್ಜು, ಮತ್ತೆ 30 ಪೌಂಡಿನ ಒಂದು ಜೊತೆ ರಬ್ಬರ್ ಬೂಟು.