ಪ್ರತಿ ಸಾಲಿಗೂ ಒಂದು ಕಾರಣ

ಮಗಳು ಹತ್ತನೇ ತರಗತಿಗೆ ಬಂದ ವರ್ಷ, ಇಪ್ಪತ್ತೆರಡು ವರ್ಷಗಳ ನಂತರ ನಾನು ಮತ್ತೆ ಗಣಿತದ ಪುಸ್ತಕವನ್ನು ಕೈಗೆತ್ತಿಕೊಂಡೆ. ಪ್ರಮೇಯಗಳನ್ನು ಪದ್ಯದಂತೆ ಬಾಯಿಪಾಠ ಮಾಡಿ ಉತ್ತೀರ್ಣಳಾದವಳು ನಾನು. ಅಂಕ ಬಂದಿತ್ತೇ ಹೊರತು, ಒಂದು ಸಾಲಿನಿಂದ ಮುಂದಿನ ಸಾಲು ಏಕೆ ಹುಟ್ಟುತ್ತದೆ ಎಂಬುದು ತಿಳಿದಿರಲಿಲ್ಲ. ಅವಳಿಗೆ ಹೇಳಿಕೊಡುವ ಮೊದಲು ನಾನೇ ಕಲಿಯಬೇಕೆಂದು ರಾತ್ರಿ ಊಟವಾದ ಮೇಲೆ ದಿನಕ್ಕೊಂದು ಲೆಕ್ಕವನ್ನು ಬಿಡಿಸತೊಡಗಿದೆ. ಹಾಳೆಯ ಮಧ್ಯೆ ಮೇಲಿನಿಂದ ಕೆಳಕ್ಕೆ ಗೆರೆ ಎಳೆದು, ಎಡಕ್ಕೆ ಹಂತವನ್ನೂ ಬಲಕ್ಕೆ ಆ ಹಂತದ ಕಾರಣವನ್ನೂ ಬರೆಯುವುದು, ಕಾರಣ ಬರೆಯಲಾಗದಿದ್ದರೆ ಮುಂದಿನ ಸಾಲಿಗೆ ಹೋಗದಿರುವುದು ನಾನು ಹಾಕಿಕೊಂಡ ನಿಯಮವಾಗಿತ್ತು.

ಆ ನಿಯಮವನ್ನು ಮೊದಲ ವಾರದಲ್ಲೇ ಒಮ್ಮೆ ಮುರಿದೆ. ಲೆಕ್ಕ ಹೀಗಿತ್ತು: ಒಂದು ಲಂಬಕೋನ ತ್ರಿಭುಜದ ಎತ್ತರವು ಪಾದಕ್ಕಿಂತ 7 ಸೆಂ.ಮೀ. ಕಡಿಮೆ, ವಿಕರ್ಣ 17 ಸೆಂ.ಮೀ.; ಉಳಿದೆರಡು ಬಾಹುಗಳೆಷ್ಟು? ಪಾದವನ್ನು ‘ಪ’ ಎಂದಿಟ್ಟುಕೊಂಡರೆ ಎತ್ತರ ಪ − 7. ಪೈಥಾಗೊರಸನ ಪ್ರಮೇಯದಂತೆ ಪ² + (ಪ − 7)² = 289. ಇಲ್ಲಿಯವರೆಗೆ ಸರಿಯಾಗಿತ್ತು. ಮುಂದೆ (ಪ − 7)² ಎಂಬುದನ್ನು ಪ² − 49 ಎಂದು ಬರೆದು, ಬಲಗಡೆಯನ್ನು ಖಾಲಿ ಬಿಟ್ಟು ಮುಂದುವರಿದೆ. 2ಪ² = 338, ಪ² = 169, ಪ = 13. ಇಷ್ಟು ಚೆಂದದ ಪೂರ್ಣಸಂಖ್ಯೆ ಬಂದ ಮೇಲೆ ಉತ್ತರ ತಪ್ಪಿರಲಾರದೆಂದೇ ನಂಬಿದ್ದೆ. ಆದರೆ ತಾಳೆ ನೋಡಿದಾಗ 13ರ ವರ್ಗ 169, 6ರ ವರ್ಗ 36, ಮೊತ್ತ 205, ಬೇಕಾದದ್ದು 289.

ಖಾಲಿ ಬಿಟ್ಟ ಜಾಗಕ್ಕೆ ಹಿಂದಿರುಗಿ ಒಂದು ಚೌಕ ಬರೆದೆ. ಅದರ ಬಾಹು ಪ. ಒಂದು ಅಂಚಿನಿಂದ 7 ಅಗಲದ ಪಟ್ಟಿಯನ್ನು ತೆಗೆದರೆ 7ಪ ಹೋಗುತ್ತದೆ, ಪಕ್ಕದ ಅಂಚಿನಿಂದ ತೆಗೆದರೆ ಇನ್ನೊಂದು 7ಪ. ಎರಡೂ ಪಟ್ಟಿಗಳು ಸೇರುವ ಮೂಲೆಯ 49 ಎರಡು ಬಾರಿ ಕಳೆದುಹೋಗಿರುವುದರಿಂದ ಅದನ್ನು ಒಮ್ಮೆ ಮರಳಿ ಕೂಡಿಸಬೇಕು. ಹಾಗಾಗಿ ಉಳಿಯುವ ಚೌಕ ಪ² − 14ಪ + 49. ಶಾಲೆಯಲ್ಲಿ ನೂರು ಸಲ ಬರೆದಿದ್ದ ಈ ಸೂತ್ರದಲ್ಲಿ ಕೊನೆಯ ಪದಕ್ಕೆ ಕೂಡುವ ಚಿಹ್ನೆ ಏಕೆಂದು ನಾನು ಕಂಡದ್ದು ಅಂದು ರಾತ್ರಿಯೇ. ಬೀಜಗಣಿತದ ಸಾಲಿಗೆ ರೇಖಾಗಣಿತದ ಚಿತ್ರವೇ ಕಾರಣವಾಗಬಲ್ಲದು ಎಂಬ ಸಂತೋಷ ಬಹಳ ದಿನ ಮನಸ್ಸಿನಲ್ಲಿ ಉಳಿಯಿತು.

ಈಗ ಸಮೀಕರಣ 2ಪ² − 14ಪ − 240 = 0 ಆಯಿತು; ಎರಡರಿಂದ ಭಾಗಿಸಿದರೆ ಪ² − 7ಪ − 120 = 0. ಗುಣಲಬ್ಧ 120, ವ್ಯತ್ಯಾಸ 7 ಇರುವ ಸಂಖ್ಯೆಗಳು 15 ಮತ್ತು 8. ಆದ್ದರಿಂದ (ಪ − 15)(ಪ + 8) = 0, ಮೂಲಗಳು 15 ಮತ್ತು −8. ಉದ್ದವು ಋಣಸಂಖ್ಯೆಯಾಗದು ಎಂಬ ಕಾರಣವನ್ನು ಬಲಗಡೆ ಬರೆದೇ −8ನ್ನು ಬಿಡಬೇಕು, ಏಕೆಂದರೆ ಅದು ಸಮೀಕರಣಕ್ಕೆ ಹೊಂದುತ್ತದೆ, ತ್ರಿಭುಜಕ್ಕೆ ಮಾತ್ರ ಹೊಂದುವುದಿಲ್ಲ. ಪಾದ 15, ಎತ್ತರ 8; 225 + 64 = 289.

ಅಪವರ್ತನಗಳು ಬೇಗ ಹೊಳೆಯದಿದ್ದಾಗ ನಾನು ಪ್ರಾಚೀನ ಭಾರತದ ಗಣಿತಜ್ಞ ಶ್ರೀಧರಾಚಾರ್ಯನ ದಾರಿಯನ್ನು ಹಿಡಿಯುತ್ತೇನೆ. 12ನೇ ಶತಮಾನದ ಗಣಿತಜ್ಞ ಎರಡನೆಯ ಭಾಸ್ಕರನು ಅದನ್ನು ಉಲ್ಲೇಖಿಸಿದ್ದಾನೆ. ಪ² − 7ಪ = 120 ಎಂಬುದನ್ನು 4ರಿಂದ ಗುಣಿಸಿ, ಎರಡೂ ಕಡೆ 49 ಕೂಡಿಸಿದರೆ (2ಪ − 7)² = 529, ಅಂದರೆ 23ರ ವರ್ಗ. ನಡುವೆ ಎಲ್ಲಿಯೂ ಭಿನ್ನರಾಶಿ ಬರುವುದಿಲ್ಲ.

ರೇಖಾಗಣಿತದಲ್ಲಿ ನನ್ನನ್ನು ದಾರಿ ತಪ್ಪಿಸುತ್ತಿದ್ದುದು ಕಣ್ಣು. ಬಾಹ್ಯ ಬಿಂದು ‘ಮ’ದಿಂದ, ‘ಓ’ ಕೇಂದ್ರವುಳ್ಳ ವೃತ್ತಕ್ಕೆ ಎಳೆದ, ಅದನ್ನು ‘ಅ’ ಮತ್ತು ‘ಬ’ ಬಿಂದುಗಳಲ್ಲಿ ಮುಟ್ಟುವ ಸ್ಪರ್ಶಕಗಳಾದ ಮಅ ಮತ್ತು ಮಬ ಸಮವೆಂದು ಸಾಧಿಸುವಾಗ, ಓಮ ರೇಖೆಯು ‘ಮ’ದಲ್ಲಿರುವ ಕೋನವನ್ನು ಅರ್ಧಿಸುತ್ತದೆ ಎಂದು ಬರೆದುಬಿಟ್ಟೆ. ಬಲಗಡೆ ಬರೆಯಲು ‘ಚಿತ್ರದಲ್ಲಿ ಹಾಗೆ ಕಾಣುತ್ತದೆ’ ಎಂಬುದನ್ನು ಬಿಟ್ಟರೆ ಬೇರೇನೂ ಇರಲಿಲ್ಲ. ಆ ಮಾತು ಸುಳ್ಳಲ್ಲ; ಆದರೆ ತ್ರಿಭುಜಗಳು ಸರ್ವಸಮವೆಂದು ಸಾಧಿಸಿದ ಮೇಲೆ ದೊರೆಯಬೇಕಾದ ಫಲವದು, ಅದನ್ನೇ ಆಧಾರವಾಗಿಟ್ಟುಕೊಳ್ಳುವಂತಿಲ್ಲ. ಸ್ಪರ್ಶಬಿಂದುವಿಗೆ ಎಳೆದ ತ್ರಿಜ್ಯವು ಸ್ಪರ್ಶಕಕ್ಕೆ ಲಂಬವಾಗಿರುತ್ತದೆ, ಓಅ ಮತ್ತು ಓಬ ಒಂದೇ ವೃತ್ತದ ತ್ರಿಜ್ಯಗಳು, ಓಮ ಎರಡು ತ್ರಿಭುಜಗಳಿಗೂ ಸಾಮಾನ್ಯವಾದ ವಿಕರ್ಣ: ನಮ್ಮ ಕೈಯಲ್ಲಿರುವುದು ಈ ಮೂರು. ವಿಕರ್ಣವೂ ಇನ್ನೊಂದು ಬಾಹುವೂ ಸಮವಾಗಿರುವ ಲಂಬಕೋನ ತ್ರಿಭುಜಗಳು ಸರ್ವಸಮ ಎನ್ನುವ ಲಂಬಕೋನ–ವಿಕರ್ಣ–ಬಾಹು ನಿಯಮಕ್ಕೆ ಅಷ್ಟು ಸಾಕು.

“ಓಮ ಗೆರೆ ಎಳೀಬೇಕು ಅಂತ ನಿಂಗೆ ಹೇಗೆ ಗೊತ್ತಾಯ್ತಮ್ಮ?” ಎಂದು ಮಗಳು ಕೇಳಿದಳು. ನನಗೂ ಮೊದಲು ಗೊತ್ತಾಗಿರಲಿಲ್ಲ. ದತ್ತವನ್ನು ಹಾಳೆಯ ಮೇಲ್ತುದಿಯಲ್ಲಿ, ಸಾಧನೀಯವನ್ನು ಕೆಳತುದಿಯಲ್ಲಿ ಪೆನ್ಸಿಲಿನಿಂದ ಬರೆದು ಕೆಳಗಿನಿಂದ ಮೇಲಕ್ಕೆ ಕೇಳುತ್ತಾ ಹೋಗಬೇಕೆಂದು ಅವಳಿಗೆ ತೋರಿಸಿದೆ: ಎರಡು ಉದ್ದಗಳು ಸಮವಾಗಬೇಕಾದರೆ ಅವು ಎರಡು ಸರ್ವಸಮ ತ್ರಿಭುಜಗಳಲ್ಲಿದ್ದರೆ ಸಾಕು, ಚಿತ್ರದಲ್ಲಿ ತ್ರಿಭುಜಗಳೇ ಇಲ್ಲ, ಹಾಗಾದರೆ ಯಾವ ಬಿಂದುಗಳನ್ನು ಸೇರಿಸಿದರೆ ಅವು ದೊರೆಯುತ್ತವೆ? ಅವಳು ಸ್ಕೇಲನ್ನು ತೆಗೆದುಕೊಂಡು ‘ಓ’ದಿಂದ ಮೂರು ಗೆರೆಗಳನ್ನು ಎಳೆದಳು.