ಹವಾ ಹೊಡಿಯೋ ಮಷಿನ್ ಕೊಳ್ಳುವಾಗ ನಾನು ನೋಡಿದ್ದು

ಡಬ್ಬಿಯ ಮೇಲೆ ದೊಡ್ಡಕ್ಷರದಲ್ಲಿ 150 ಪಿಎಸ್‌ಐ ಅಂತ ಬರೆದಿರುತ್ತಾರೆ. ಪಿಎಸ್‌ಐ ಅಂದರೆ ಹವಾದ ಒತ್ತಡದ ಅಳತೆ. ನಮ್ಮ ಕಾರಿನ ಟೈರಿಗೆ ಬೇಕಾದದ್ದು 33. ಡ್ರೈವರ್ ಬಾಗಿಲು ತೆಗೆದರೆ ಚೀಟಿ ಅಂಟಿಸಿಯೇ ಇರುತ್ತದೆ. ಹಾಗಾಗಿ ಆ 150ರ ಕಡೆ ನಾನು ನೋಡಲೇ ಇಲ್ಲ. ಗದಗಿನಲ್ಲಿ ನಾನು ಯಾವಾಗಲೂ ಹೋಗುವ ಪಂಕ್ಚರ್ ಅಂಗಡಿಯವರೂ ಅದನ್ನೇ ಅಂದರು: "ನಿಮಿಷಕ್ಕ ಎಷ್ಟ ಲೀಟರ್ ಹವಾ ಒಗಿತೈತಿ ಅಷ್ಟ ಕೇಳ್ರಿ ಸರ್."

ಸಣ್ಣ ಕಾರಿನ ಟೈರಿನೊಳಗೆ ಹೆಚ್ಚುಕಡಿಮೆ 25-30 ಲೀಟರ್ ಜಾಗ. 28ಕ್ಕೆ ಇಳಿದದ್ದನ್ನು 33ಕ್ಕೆ ಏರಿಸಲು ಹೊರಗಿನ ಗಾಳಿ 10 ಲೀಟರ್ ಸಾಕು. ಹವಾ ಒತ್ತಿ ತುಂಬುವುದರಿಂದ ಪೂರ್ತಿ ಕೂತ ಟೈರಿಗೆ 60 ಬೇಕು. ಮಷಿನ್ ಮೇಲೆ ನಿಮಿಷಕ್ಕೆ 30 ಲೀಟರ್ ಅಂತ ಇದ್ದರೆ ಎರಡು ನಿಮಿಷದಲ್ಲಿ ಮುಗೀತು ಅನ್ನಬೇಡಿ. ಒಳಗಿನ ಒತ್ತಡ ಏರಿದಂತೆ ಅದಕ್ಕೆ ಏದುಸಿರು ಬರುತ್ತದೆ. ಕೆಲಸ ಮುಗಿದಾಗ ಸಿಲಿಂಡರಿನ ತಲೆ ಮತ್ತು ಪೈಪಿನ ಹಿತ್ತಾಳೆ ತುದಿ ಮುಟ್ಟಿದರೆ ಚುರ್ ಅನ್ನುತ್ತದೆ. ಎಷ್ಟು ನಿಮಿಷ ಓಡಿಸಿ ಎಷ್ಟು ಹೊತ್ತು ಬಿಡಬೇಕು ಅನ್ನುವುದನ್ನು ಬರೆಯದ ಮಷಿನ್ ನಾನು ತರಲಿಲ್ಲ.

ಇನ್ನೊಂದು ಕರೆಂಟಿನ ವಿಚಾರ. ಕಾರಿನ ಲೈಟರ್ ಸಾಕೆಟ್ಟಿಗೆ ಸಾಮಾನ್ಯವಾಗಿ 10 ಇಲ್ಲವೇ 15 ಆಂಪಿಯರ್ ಫ್ಯೂಸ್. 12 ವೋಲ್ಟಿಗೆ 15 ಅಂದರೆ 180 ವ್ಯಾಟ್, ಅದರಾಚೆ ಫ್ಯೂಸ್ ಹಾರುತ್ತದೆ. ಅದಕ್ಕೇ ಬ್ಯಾಟರಿಗೆ ನೇರ ಕಚ್ಚಿಸುವ ಕ್ಲಿಪ್ಪಿನದನ್ನು ತಂದೆ. ಎಂಜಿನ್ ಚಾಲೂ ಇಟ್ಟೇ ಹವಾ ಹೊಡೆಯುತ್ತೇನೆ. ಅಣ್ಣಿಗೇರಿ ದಾರಿಯಲ್ಲಿ ಜಾಲಿಮುಳ್ಳು ಚುಚ್ಚಿ ಸಣ್ಣಗೆ ಇಳಿಯುವ ಟ್ಯೂಬ್‌ಲೆಸ್ ಟೈರಿಗೆ ಸ್ಟೆಪ್ನಿ ಇಳಿಸುವ ತಾಪತ್ರಯ ಇದರಿಂದ ತಪ್ಪಿದೆ.

ಮನೆಗೆ ಮಾತ್ರ ಬೇರೆಯೇ ಬೇಕಾಯಿತು. ಎರಿ ಮಣ್ಣಿನ ಧೂಳು ಕೂಲರ್, ಹೊಲಿಗೆ ಮಷಿನ್, ಬೈಕಿನ ಚೈನು, ಎಲ್ಲದರಲ್ಲೂ ಕೂರುತ್ತದೆ. ಅದನ್ನು ಊದಿ ತೆಗೆಯಲು ಹವಾ ತುಂಬಿಡುವ ಟ್ಯಾಂಕ್ ಇರಲೇಬೇಕು. 24 ಲೀಟರ್ ಟ್ಯಾಂಕಿನ, ಆಯಿಲ್ ಹಾಕದ ಮಾದರಿ ತಂದೆ. ನಿರ್ವಹಣೆ ಕಡಿಮೆ, ಸಪ್ಪಳ ವಿಪರೀತ; ಮಧ್ಯಾಹ್ನ ಮಲಗಿದ ಅವ್ವ ಎದ್ದು ಬೈಯುವಷ್ಟು. ಸಂಜೆ ವೋಲ್ಟೇಜ್ ಇಳಿದಾಗ ಮೋಟಾರು ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ. ತಕ್ಷಣ ಬಂದ್ ಮಾಡದಿದ್ದರೆ ಒಳಗಿನ ತಂತಿಸುರುಳಿ (ವೈಂಡಿಂಗ್) ಸುಟ್ಟಂತೆಯೇ. ತೆಳು ಎಕ್ಸ್‌ಟೆನ್ಷನ್ ವೈರ್ ಹಾಕಿದರೂ ಇದೇ ಗತಿ. ಕೆಲಸ ಮುಗಿದ ಮೇಲೆ ಟ್ಯಾಂಕಿನ ಕೆಳಗಿನ ನಲ್ಲಿ ಬಿಚ್ಚಿ ಹವಾದ ತೇವದಿಂದ ಕೂಡಿದ ನೀರು ಬಸಿಯಬೇಕು, ಮಳೆಗಾಲದಲ್ಲಿ ತುಕ್ಕಿನ ಕೆಂಪು ನೀರೇ ಬರುತ್ತದೆ. ಗೇಟಿಗೆ ಬಣ್ಣ ಹೊಡೆಯಲು ಇದು ಸಾಲದು. ಬಣ್ಣ ಸಿಂಪಡಿಸುವ ಗನ್ ಹವಾ ಎಳೆಯುವ ವೇಗಕ್ಕೆ ಟ್ಯಾಂಕ್ ತುಂಬುವುದಿಲ್ಲ.

ಊರಿಂದ ಕಾಕಾ ಟ್ರ್ಯಾಕ್ಟರಿನ ಹಿಂದಿನ ಗಾಲಿಗೆ ಕಾರಿನ ಮಷಿನ್ ಕೇಳಿದ್ದರು. ಅದಕ್ಕೆ ಒತ್ತಡ ಕಾರಿಗಿಂತ ಕಡಿಮೆಯೇ, ಆದರೆ ಒಳಗಿನ ಜಾಗ ಹಲವು ಪಟ್ಟು. "ಕಾಕಾ, ಇದರಾಗ ಹೊತ್ತ ಮುಳಗತೈತಿ, ಅಂಗಡಿಗೇ ಒಯ್ರಿ" ಅಂದೆ.