ಕ್ರಿಯಾಪದದ ಬಾಲದಲ್ಲಿ ಸಿಕ್ಕ ಕತೆ

ಮುಂಬೈಯ ಹೋಟೆಲೊಂದರಲ್ಲಿ ಮೂವತ್ತು ವರ್ಷ ದುಡಿದು ಊರಿಗೆ ಮರಳಿದ ಚಿಕ್ಕಪ್ಪನ ಕುರಿತು ನಾನು ಬರೆದ ಕತೆ ಎರಡು ಪತ್ರಿಕೆಗಳಿಂದ ವಿಷಾದಪತ್ರದೊಂದಿಗೆ ಹಿಂದಿರುಗಿತ್ತು. ಮೂರನೆಯ ಕಡೆಗೆ ಕಳಿಸುವ ಮೊದಲು ಅದನ್ನು ಗಟ್ಟಿಯಾಗಿ ಓದಿಕೊಂಡೆ. ‘ಅವನ ಎದೆಯಲ್ಲಿ ಹೇಳಲಾಗದ ನೋವೊಂದು ಮಡುಗಟ್ಟಿತ್ತು’ ಎಂಬಲ್ಲಿಗೆ ಬಂದಾಗ ನಾಲಗೆ ತಡವರಿಸಿತು. ಹೇಳಲಾಗದ ನೋವೆಂದು ಅವನ ಪರವಾಗಿ ನಾನೇ ಹೇಳಿ ಮುಗಿಸಿದ್ದೆ. ಓದುವವರಿಗೆ ಮಾಡಲು ಕೆಲಸವೇ ಉಳಿದಿರಲಿಲ್ಲ. ಕತೆಯನ್ನು ಕಳಿಸಲಿಲ್ಲ.

ಅಲ್ಲಿಯವರೆಗೆ ನಾನು ಕತೆಗಳನ್ನು ಓದುತ್ತಿದ್ದುದು ಮುಂದೇನಾಯಿತು ಎಂದು ತಿಳಿಯಲಿಕ್ಕಷ್ಟೆ. ಕಟ್ಟಿದ ಬಗೆ ತಿಳಿಯಬೇಕಾದರೆ ನಿಧಾನವಾಗಬೇಕಿತ್ತು, ನಿಧಾನವಾಗಲು ನನಗೆ ತೋಚಿದ ಉಪಾಯ ಕೈಬರಹದ ನಕಲು. ಗೆರೆಯ ನೋಟುಪುಸ್ತಕ ತಂದು, ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮೊದಲು ಒಂದು ಗಂಟೆ, ಬಲಪುಟದಲ್ಲಿ ಕತೆಯನ್ನು ಬರೆಯುತ್ತಿದ್ದೆ. ಎಡಪುಟ ನನ್ನ ಟಿಪ್ಪಣಿಗೆ. ಒಂದು ಕತೆಗೆ ಹತ್ತು ಹನ್ನೆರಡು ದಿನ ಹಿಡಿಯುತ್ತಿತ್ತು. ಇದರಿಂದ ಸಿಕ್ಕ ಮೊದಲ ಪಾಠ ಕತೆಗಾರರದ್ದಲ್ಲ, ನನ್ನ ಕೈಯದು. ವಾಕ್ಯವನ್ನು ಕಣ್ಣಿನಿಂದ ಎತ್ತಿ ಕಾಗದಕ್ಕೆ ಇಳಿಸುವಷ್ಟರಲ್ಲಿ ಕೈ ತನ್ನ ರೂಢಿಯ ಪದವನ್ನು ಸೇರಿಸಿಬಿಡುತ್ತಿತ್ತು: ಮೂಲದಲ್ಲಿ ಬರಿಯ ‘ಮೌನ’ ಇದ್ದರೆ ನನ್ನ ನಕಲಿನಲ್ಲಿ ‘ಗಾಢ ಮೌನ’, ಅಲ್ಲಿ ‘ನಕ್ಕಳು’ ಎಂದಿದ್ದರೆ ಇಲ್ಲಿ ‘ಮೆಲ್ಲನೆ ನಕ್ಕಳು’. ತಪ್ಪಿದ ಕಡೆಯಲ್ಲೆಲ್ಲ ಕೆಂಪು ಶಾಯಿಯ ಗೆರೆ ಎಳೆದೆ. ಎರಡು ಕತೆ ಮುಗಿಯುವಷ್ಟರಲ್ಲಿ ನನ್ನ ದುರಭ್ಯಾಸಗಳ ಪಟ್ಟಿ ತಾನಾಗಿಯೇ ತಯಾರಾಗಿತ್ತು.

ಜಯಂತ ಕಾಯ್ಕಿಣಿಯವರ ಮುಂಬೈ ಕತೆಗಳನ್ನು ಬಹಳ ದಿನ ಹಿಡಿದು ಕೂತಿದ್ದೆ. ಇಂಗ್ಲಿಷಿನಲ್ಲಿ ಬಂದ ಅವರ ಸಂಕಲನಕ್ಕೆ ದಕ್ಷಿಣ ಏಷ್ಯಾದ ಸಾಹಿತ್ಯಕ್ಕೆ ಕೊಡುವ ಡಿಎಸ್‌ಸಿ ಪ್ರಶಸ್ತಿ 2018ರ ಸಾಲಿನಲ್ಲಿ ಬಂದದ್ದು ಅನೇಕರಿಗೆ ನೆನಪಿರಬಹುದು. ಆ ಸಂಕಲನಕ್ಕೆ ಹೆಸರು ಕೊಟ್ಟ ‘ನೋ ಪ್ರೆಸೆಂಟ್ಸ್ ಪ್ಲೀಸ್’ ಕತೆಯಲ್ಲಿ, ತಮ್ಮವರೆಂದು ಯಾರೂ ಇಲ್ಲದ ಇಬ್ಬರು ತಮ್ಮ ಮದುವೆಯ ಕರೆಯೋಲೆ ಹೇಗಿರಬೇಕೆಂದು ಯೋಚಿಸುತ್ತಾರೆ. ಕಾಗದದ ಆ ತುಂಡಿನ ಮೇಲೆ ಹೆಸರು, ಅಡ್ಡಹೆಸರು, ಕರೆಯುವವರು ಯಾರು ಎಂಬ ಪ್ರಶ್ನೆಗಳೆಲ್ಲ ಬಂದು ಕೂರುತ್ತವೆ. ಅನಾಥತನವನ್ನು ಬೇರೆಯಾಗಿ ವರ್ಣಿಸಬೇಕಾಗಿಲ್ಲ. ಇದನ್ನು ಅರ್ಥ ಮಾಡಿಕೊಂಡೆನೆಂಬ ಹುಮ್ಮಸ್ಸಿನಲ್ಲಿ ನಾನೊಂದು ಮುಂಬೈ ಕತೆಯನ್ನೇ ಬರೆದೆ. ಚಾಳು, ಲೋಕಲ್ ರೈಲು, ಮಳೆ, ಎಲ್ಲವೂ ಇದ್ದವು. ನಾನು ಮುಂಬೈಯಲ್ಲಿ ಒಟ್ಟು ನಾಲ್ಕು ದಿನ ಇದ್ದವನು. ಓದಿದ ಗೆಳೆಯ, ‘ಚೆನ್ನಾಗಿದೆ, ಆದರೆ ಇದು ನಿನ್ನದಲ್ಲವಲ್ಲ ಮಾರಾಯ’ ಎಂದ. ನಕಲು ಮಾಡುವವರಿಗೆ ಈ ಜ್ವರ ಒಮ್ಮೆ ಬಂದೇ ಬರುತ್ತದೆಂದು ಕಾಣುತ್ತದೆ. ಬಂದು ಹೋಗಲಿ ಎಂದು ಬಿಟ್ಟೆ.

ನಿಜವಾಗಿ ಕಣ್ಣು ತೆರೆಸಿದ್ದು ವಿವೇಕ ಶಾನಭಾಗರ ‘ಘಾಚರ್ ಘೋಚರ್’. 2013ರಲ್ಲಿ ಬಂದ ಆ ನೀಳ್ಗತೆಯಲ್ಲಿಯೂ ಒಬ್ಬ ಚಿಕ್ಕಪ್ಪನಿದ್ದಾನೆ. ಮನೆಯ ಸಂಪಾದನೆ ಅವನದಾದ್ದರಿಂದ ಇಡೀ ಕುಟುಂಬ ಅವನ ಅನುಕೂಲಕ್ಕೆ ತಕ್ಕಂತೆ ಹೊಂದಿಕೊಂಡಿರುತ್ತದೆ. ಕತೆ ಹೇಳುವವನಿಗೆ ಹೆಸರೇ ಇಲ್ಲ. ಶ್ರೀನಾಥ್ ಪೇರೂರರ ಇಂಗ್ಲಿಷ್ ಅನುವಾದವನ್ನು ಮೂಲದ ಪಕ್ಕದಲ್ಲಿಟ್ಟು ಸಾಲುಸಾಲಾಗಿ ಓದುತ್ತಿದ್ದಾಗ, ಆ ಕೃತಿಗಿಂತ ಹೆಚ್ಚಾಗಿ ನನ್ನ ಭಾಷೆಯ ಕುರಿತೇ ಒಂದು ಸಂಗತಿ ಹೊಳೆಯಿತು. ಒಬ್ಬ ಗಂಡಸು ಬಾಗಿಲಲ್ಲಿ ನಿಂತಿದ್ದಾನೆ ಎನ್ನಲು ಇಂಗ್ಲಿಷಿಗೆ ಒಂದೇ ಸರ್ವನಾಮ ಸಾಕು. ಕನ್ನಡದಲ್ಲಿ ಹಾಗೆ ಬಚಾವಾಗಲು ಬರುವುದಿಲ್ಲ. ‘ಬಂದ’ ಎನ್ನಬೇಕೋ ‘ಬಂದರು’ ಎನ್ನಬೇಕೋ ಎಂದು ತೀರ್ಮಾನಿಸದೆ ಒಂದು ವಾಕ್ಯವನ್ನೂ ಮುಗಿಸಲಾಗದು. ತೀರ್ಮಾನಿಸಿದ ಕ್ಷಣದಲ್ಲಿ ಹೇಳುವವನು ಆ ಮನುಷ್ಯನಿಂದ ಎಷ್ಟು ದೂರದಲ್ಲಿದ್ದಾನೆ, ಅವನಿಗೆ ಹೆದರುತ್ತಾನೋ ಸಲಿಗೆಯಿಂದಿದ್ದಾನೋ ಎಂಬುದೆಲ್ಲ ಹೊರಬೀಳುತ್ತದೆ. ಹುಟ್ಟಿದಾಗಿನಿಂದ ಬಳಸುತ್ತಿರುವ ಈ ಪ್ರತ್ಯಯಗಳನ್ನು ನಾನು ಬರೆಯುವಾಗ ಒಮ್ಮೆಯೂ ಗಮನಿಸಿರಲಿಲ್ಲ.

ಅಂದಿನಿಂದ ಎಡಪುಟದ ಟಿಪ್ಪಣಿ ಬದಲಾಯಿತು. ಯಾವ ಕತೆ ಓದಿದರೂ ಯಾರಿಗೆ ಏಕವಚನ, ಯಾರಿಗೆ ಬಹುವಚನ, ಅದು ಎಲ್ಲಿಯಾದರೂ ಬದಲಾಗುತ್ತದೆಯೇ ಎಂದು ಗುರುತು ಹಾಕತೊಡಗಿದೆ. ಜೊತೆಗೆ ‘ಅಂತೆ’ಯನ್ನೂ ಹುಡುಕಿದೆ. ‘ಬರುತ್ತಾರಂತೆ’ ಎಂದೊಡನೆ ಆ ಸುದ್ದಿ ಬೇರೆಯವರ ಬಾಯಿಂದ ಬಂದದ್ದೆಂದೂ, ಹೇಳುವವನು ಅದಕ್ಕೆ ಜವಾಬ್ದಾರನಲ್ಲವೆಂದೂ ಆಗಿಬಿಡುತ್ತದೆ. ಎಲ್ಲವನ್ನೂ ಬಲ್ಲವನಂತೆ ಬರೆಯುವ ನನ್ನ ರೋಗಕ್ಕೆ ಇದಕ್ಕಿಂತ ಒಳ್ಳೆಯ ಮದ್ದು ಸಿಗಲಿಲ್ಲ. ಬಾನು ಮುಷ್ತಾಕ್ ಅವರ ‘ಒಮ್ಮೆ ಹೆಣ್ಣಾಗು ಪ್ರಭುವೇ’ ಕತೆಯಲ್ಲಿ ಹೆಣ್ಣೊಬ್ಬಳು ನೇರವಾಗಿ ದೇವರ ಜೊತೆಗೇ ಮಾತಾಡುತ್ತಾಳೆ, ಅದೂ ಏಕವಚನದಲ್ಲಿ. ಅವರಿಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದಾಗ ಕತೆಗಳ ವಸ್ತುವಿನ ಕುರಿತು ಬೇಕಾದಷ್ಟು ಚರ್ಚೆ ನಡೆಯಿತು. ನನಗೆ ಮಾತ್ರ ಆ ಶೀರ್ಷಿಕೆಯ ‘ಹೆಣ್ಣಾಗು’ ಎಂಬ ಪದದ ಕೊನೆಯ ಉಕಾರವೇ ಅರ್ಧ ಕತೆಯೆಂದು ತೋರಿತ್ತು.

ಇಷ್ಟಾದ ಮೇಲೆ ಚಿಕ್ಕಪ್ಪನ ಕತೆಯನ್ನು ಮತ್ತೆ ಕೈಗೆತ್ತಿಕೊಂಡೆ. ಎಲ್ಲವನ್ನೂ ಬಲ್ಲ ನಿರೂಪಕನನ್ನು ತೆಗೆದು, ಬಾಗಿಲ ಸಂದಿಯಿಂದ ಕೇಳಿಸಿಕೊಂಡಷ್ಟನ್ನೇ ಬಲ್ಲ ಒಬ್ಬ ಹುಡುಗನನ್ನು ತಂದೆ. ‘ಮಡುಗಟ್ಟಿದ ನೋವು’ ಹೋಗಿ ಅಲ್ಲಿ ಊಟದ ಮನೆಯ ಮೇಜು ಬಂತು: ಎಲ್ಲರೂ ಇನ್ನೂ ಮಜ್ಜಿಗೆ ಕಲಸುತ್ತಿರುವಾಗಲೇ ಚಿಕ್ಕಪ್ಪ ಎದ್ದು, ಒದ್ದೆ ಬಟ್ಟೆ ತಂದು, ಆಚೆ ತುದಿಯಿಂದ ಈಚೆ ತುದಿಗೆ ಒಂದೇ ಎಳೆತಕ್ಕೆ ಮೇಜು ಒರೆಸಿ, ಬಿದ್ದ ಅಗುಳನ್ನು ಎಡ ಅಂಗೈಗೆ ತುಂಬಿಕೊಳ್ಳುತ್ತಾನೆ. ಹುಡುಗ ನಗುತ್ತಾನೆ, ಬೇರಾರೂ ನಗುವುದಿಲ್ಲ. ಇನ್ನು ಅಮ್ಮನ ಮಾತು. ಮುಂಬೈಯಿಂದ ಹಣ ಬರುತ್ತಿದ್ದ ಕಾಲದಲ್ಲಿ ಆಕೆ ಮೈದುನನಿಗೆ ‘ನೀವು ಕೂತ್ಕೊಳ್ಳಿ, ನಾನು ಬಡಿಸ್ತೇನೆ’ ಎನ್ನುತ್ತಿದ್ದಳು. ಅವನು ತಂದ ಹಣವೆಲ್ಲ ಕರಗಿದ ಮೇಲೆ, ಕತೆಯ ಕೊನೆಯಲ್ಲಿ, ಅದೇ ಮೇಜಿನ ಬಳಿ ‘ಕೂತ್ಕೋ, ಬಡಿಸ್ತೇನೆ’ ಎನ್ನುತ್ತಾಳೆ. ಮೊದಲ ಕರಡಿನಲ್ಲಿ ಮನೆಯವರ ಉಪೇಕ್ಷೆಯನ್ನು ಬಣ್ಣಿಸಲು ಪೂರಾ ಒಂದೂವರೆ ಪುಟ ಖರ್ಚಾಗಿತ್ತು, ಅಷ್ಟನ್ನೂ ಹೊಡೆದುಹಾಕಿದೆ.

ಕತೆ ಈ ಬಾರಿ ಸ್ವೀಕಾರವಾಯಿತು. ಅಚ್ಚಿಗೆ ಮುಂಚೆ ಕರಡಚ್ಚು ಕಳಿಸಿದಾಗ ನೋಡಿದರೆ, ಅಮ್ಮನ ಕೊನೆಯ ಮಾತು ‘ಕೂತ್ಕೊಳ್ಳಿ’ ಎಂದು ತಿದ್ದಲ್ಪಟ್ಟಿತ್ತು. ಫೋನು ಮಾಡಿದೆ. ಕರಡು ತಿದ್ದಿದವರು ಬಹಳ ಸೌಜನ್ಯದಿಂದ, ‘ಹಿಂದೆಲ್ಲ ಆಯಮ್ಮ ಬಹುವಚನ ಹಾಕಿ ಮಾತಾಡಿದ್ದಾರಲ್ಲ, ಇಲ್ಲಿ ಕೈತಪ್ಪಿದೆ ಅಂದುಕೊಂಡೆ ಸಾರ್’ ಎಂದರು. ತಪ್ಪಲ್ಲ, ಹಾಗೆಯೇ ಬಿಡಿ ಎಂದೆ. ಆ ಕಡೆ ಸ್ವಲ್ಪ ಹೊತ್ತು ಹಾಳೆ ಮಗುಚುವ ಸದ್ದು ಕೇಳಿಸಿತು. ಆಮೇಲೆ ಅವರು, ‘ಓ’ ಎಂದರು.